ನಡುಹಗಲಿನ ಬೇಸರ: ಕ್ರೈಸ್ತ ನೀತಿಬೋಧೆಯಲ್ಲಿ ಒಂದು ದುರ್ಗುಣದ ಚರಿತ್ರೆ

ಈಜಿಪ್ಟಿನ ಮರಳುಗಾಡಿನ ಕೆಲ್ಲಿಯಾದಲ್ಲಿ ಒಂಟಿ ಗುಡಿಸಲುಗಳಲ್ಲಿದ್ದ ಸನ್ಯಾಸಿಗಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದುದು ಬೇಸರ. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಪಾಂಟಿಕಸ್ ತನ್ನ ‘ಪ್ರಾಕ್ಟಿಕೋಸ್’ ಕೃತಿಯಲ್ಲಿ ಹಾಗೆಂದೇ ಹೇಳುತ್ತಾನೆ. ಗ್ರೀಕರು ‘ಅಕೀಡಿಯ’ ಎನ್ನುತ್ತಿದ್ದ ಈ ಪೀಡೆ ಬೆಳಗಿನ ಹತ್ತರ ಸುಮಾರಿಗೆ ಹತ್ತಿಕೊಂಡರೆ ಮಧ್ಯಾಹ್ನ ಎರಡರವರೆಗೂ ಬಿಡದು. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆ ಇದ್ದಂತೆ ತೋರುತ್ತದೆ. ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ. ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಹೊರಬಂದು ಹೊತ್ತು ಅಳೆಯುತ್ತಾನೆ. ಯಾರಾದರೂ ಬಂದಾರೇ ಎಂದು ಅತ್ತಿತ್ತ ಕಣ್ಣಾಡಿಸುತ್ತಾನೆ. ಇದ್ದ ಜಾಗ ಬೇಡ, ಕೈಗೆಲಸ ಬೇಡ, ಜೊತೆಯವರಲ್ಲಿ ಪ್ರೀತಿಯೇ ಉಳಿದಿಲ್ಲವೆಂಬ ದುಗುಡ ಬೇರೆ.

ಇದು ಎಂಟು ಕೆಡುಕು ಯೋಚನೆಗಳಲ್ಲಿ ಒಂದು. ಹೊಟ್ಟೆಬಾಕತನ, ಕಾಮ, ಧನದಾಸೆ, ದುಃಖ, ಕೋಪ, ಹೊಗಳಿಕೆಯ ಹಂಬಲ, ಗರ್ವ ಉಳಿದವು. ಯೋಚನೆ ಬರುವುದು ನಮ್ಮ ಕೈಯಲ್ಲಿಲ್ಲ, ಅದನ್ನು ಒಳಗೆ ಉಳಿಸಿಕೊಳ್ಳುವುದು ಬಿಡುವುದು ನಮ್ಮ ಕೈಯಲ್ಲಿದೆ ಎಂಬುದು ಇವಾಗ್ರಿಯಸ್‌ನ ನಿಲುವು. ಅವನ ಪಟ್ಟಿ ರೋಗಲಕ್ಷಣಗಳ ವಿವರಣೆ. ಅದನ್ನು ಅಪರಾಧಗಳ ಯಾದಿಯಾಗಿ ಓದಿದರೆ ಅರ್ಧ ಅರ್ಥ ಕಳೆದುಹೋಗುತ್ತದೆ.

ಈ ಬೋಧನೆಯನ್ನು ಲ್ಯಾಟಿನ್ ಜಗತ್ತಿಗೆ ತಂದವನು ಜಾನ್ ಕ್ಯಾಸಿಯನ್. ಬೇಸರ ಹಿಡಿದವನಿಗೆ ದೂರದ ರೋಗಿಯನ್ನು ಕಂಡುಬರುವ, ದಿಕ್ಕಿಲ್ಲದ ಭಕ್ತೆಗೆ ನೆರವಾಗುವ ತವಕ ಹುಟ್ಟುತ್ತದೆ ಎಂದು ಅವನು ಬರೆಯುತ್ತಾನೆ. ಎಂಥ ಸೂಕ್ಷ್ಮ ಅವಲೋಕನ! ಸತ್ಕಾರ್ಯದ ವೇಷದಲ್ಲೇ ಮನಸ್ಸು ತನ್ನ ಪಾಲಿನ ಕೆಲಸದಿಂದ ಜಾರಿಕೊಳ್ಳುತ್ತದೆ. ಅಕೀಡಿಯವನ್ನು ಬರಿಯ ಸೋಮಾರಿತನವೆಂದು ತಿಳಿಯುವವರು ಈ ಭಾಗವನ್ನು ಓದಲೇಬೇಕು.

ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ಪಟ್ಟಿಯನ್ನು ತಿದ್ದಿದ. ಗರ್ವವನ್ನು ಎಲ್ಲದರ ಬೇರೆಂದು ಪ್ರತ್ಯೇಕಿಸಿ, ಅಸೂಯೆಯನ್ನು ಸೇರಿಸಿ, ದುರ್ಗುಣಗಳನ್ನು ಏಳಾಗಿಸಿದ. ಅಕೀಡಿಯ ಅವನ ಪಟ್ಟಿಯಲ್ಲಿ ಹೆಸರಿಲ್ಲದೆ ದುಃಖದಲ್ಲಿ ಕರಗಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿದ ಮೇಲೆ ಇಂಥ ಪಟ್ಟಿಗಳು ಮಠದ ಗೋಡೆ ದಾಟಿ ಜನಸಾಮಾನ್ಯರ ಆತ್ಮಶೋಧನೆಗೂ ಒದಗಿದವು.

ತತ್ತ್ವದ ಗಂಟನ್ನು ಬಿಡಿಸಿದವನು ಥಾಮಸ್ ಅಕ್ವೈನಾಸ್. ದುರ್ಗುಣವೆಂದರೆ ಮೈಗೂಡಿದ ಒಲವು, ಪಾಪವೆಂದರೆ ಎಸಗಿದ ಕೃತ್ಯ. ಎರಡರಲ್ಲಿ ಹೆಚ್ಚು ಕೆಟ್ಟದ್ದು ಕೃತ್ಯವೇ ಎಂದು ಅವನು ‘ಸುಮ್ಮಾ’ದಲ್ಲಿ ವಾದಿಸುತ್ತಾನೆ. ಕೋಪಿಷ್ಠನೊಬ್ಬ ಕೈ ತಡೆದುಕೊಂಡರೆ ಅವನ ಸ್ವಭಾವವನ್ನೇ ಅಪರಾಧವೆಂದು ಎಣಿಸಬೇಕಿಲ್ಲ. ಈ ವಿವೇಚನೆಯಲ್ಲಿ ದೊಡ್ಡ ಕರುಣೆಯಿದೆ. ಅಕೀಡಿಯವನ್ನು ಅವನು ದೇವರ ಒಳಿತಿನ ಬಗೆಗೇ ಹುಟ್ಟುವ ದುಃಖವೆಂದು ಗುರುತಿಸಿ, ದೈವಪ್ರೀತಿ ತರುವ ಆನಂದಕ್ಕೆ ಎದುರಾಗಿ ನಿಲ್ಲಿಸಿದ. ಹತಾಶೆ, ಮನಸ್ಸಿನ ಅಲೆದಾಟಗಳು ಅದರ ಸಂತಾನ ಎಂದ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದನ್ನು ಮುಖ್ಯ ಪಾಪಗಳ ಸಾಲಿನಲ್ಲಿ ಹೆಸರಿಸಿ, ಪ್ರಾರ್ಥನೆಯ ತೊಡಕುಗಳನ್ನು ವಿವರಿಸುವ ಭಾಗದಲ್ಲಿ ಮತ್ತೊಮ್ಮೆ ಎತ್ತಿಕೊಂಡಿದೆ. ಎಚ್ಚರ ಸಡಿಲಿ, ಹೃದಯದ ಮೇಲಿನ ನಿಗಾ ತಪ್ಪಿದಾಗ ಕವಿಯುವ ಖಿನ್ನತೆಯೆಂದು ಅಲ್ಲಿ ವಿವರಿಸಿದೆ.