ಕೆಲವು ರಿಯಾಲಿಟಿ ಶೋಗಳು ಸೋಲುವುದೇಕೆ?

ನಿಡಸೋಸಿ, ಹುಕ್ಕೇರಿ, ಗೋಕಾಕ ಸೀಮೆಯ ನಮಗೆ ಹಾಡಿನ ಸ್ಪರ್ಧೆ ಹೊಸದಲ್ಲ. ಟಿ.ವಿ. ಬರುವ ಮೊದಲೇ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ಎದುರುಬದುರು ಹಾಡುತ್ತಿದ್ದವು. ಒಂದು ಮೇಳ ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆನ್ನುವುದು. ಸವಾಲಿಗೆ ಜವಾಬು ಹಾಡಿನಲ್ಲೇ ಬರಬೇಕು. ಯಾರು ತಡವರಿಸಿದರು ಎಂಬುದು ಕಂಬಳಿ ಹೊದ್ದು ಕುಂತವರಿಗೆಲ್ಲ ಗೊತ್ತಾಗುತ್ತಿತ್ತು.

ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಮನ ಗೆದ್ದದ್ದೂ ಹೀಗೆಯೇ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಂಕ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಸ್ವರ ಎಲ್ಲಿ ಜಾರಿತೆಂದು ತಾವೇ ಹಾಡಿ ತೋರಿಸುತ್ತಿದ್ದರು.

ಈ ನಂಬಿಕೆ ಮುರಿದರೆ? ಅಮೆರಿಕದ ‘ಟ್ವೆಂಟಿ ಒನ್’ ಕ್ವಿಜ್ 1956ರಲ್ಲಿ ಶುರುವಾಗಿ ಮನೆಮಾತಾಯಿತು. ಸ್ಪರ್ಧಿಗಳಿಗೆ ಉತ್ತರ ಮೊದಲೇ ಹೇಳಿಕೊಡುತ್ತಿದ್ದಾರೆಂಬ ಆರೋಪ ಎದ್ದು 1958ರಲ್ಲಿ ನಿಂತೇ ಹೋಯಿತು. 1960ರಲ್ಲಿ ಅಲ್ಲಿ ಇಂಥ ಮೋಸದ ವಿರುದ್ಧ ಕಾನೂನೇ ಬಂತು.

ಮೋಸವಿಲ್ಲದ ಶೋಗಳೂ ಸೋಲುತ್ತವೆ. ಹಾಡಿಗಿಂತ ಅಳು, ಜಗಳ, ಬಡತನದ ಕಥೆಯೇ ಹೆಚ್ಚಾದರೆ ಯಾರು ಏಕೆ ಗೆದ್ದರೆಂದು ನೋಡುವವರಿಗೆ ತಿಳಿಯುವುದಿಲ್ಲ. ಆಗ ಕೈ ತಾನಾಗಿ ರಿಮೋಟ್‌ಗೆ ಹೋಗುತ್ತದೆ.

ನಾಳೆ ನಮ್ಮೂರ ಹುಡುಗಿಯೂ ಆಡಿಷನ್‌ಗೆ ಹೋದಾಳು. ಅಲ್ಲಿ ಅವಳ ಮನೆಯ ಕಷ್ಟ ಕೇಳುವ ಮೊದಲು ಅವಳ ದನಿ ಕೇಳಲಿ. ಸೋತರೆ, ಏಕೆ ಸೋತೆನೆಂದು ತಿಳಿದುಕೊಂಡು ಊರಿಗೆ ಬರಲಿ.