ಶಹಾಪುರದ ಮಲಗಿದ ಬುದ್ಧ: ಯಾರು ಕಡೆದದ್ದು?

ನಮ್ಮೂರು ಅಫಜಲಪುರ ತಾಲೂಕಿನ ಕರಜಗಿ. ಎರೆಭೂಮಿ, ತೊಗರಿ ಹೊಲ, ಕಣ್ಣು ಹಾಯುವಷ್ಟು ದೂರ ಬಯಲು. ಗುಡ್ಡ ಎಂಬುದನ್ನು ನಾನು ಮೊದಲು ನೋಡಿದ್ದು ಶಹಾಪುರದಲ್ಲಿ, ಚಿಕ್ಕವಳಿದ್ದಾಗ, ಬಸ್ಸಿನ ಕಿಟಕಿಯಿಂದ. ಕಾಕಾ ಬೆರಳು ಮಾಡಿ, “ನೋಡಲ್ಲಿ, ಬುದ್ಧ ಮಲಗ್ಯಾನ” ಎಂದಿದ್ದರು. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಇದ್ದವು. “ಯಾರು ಕಡದಾರ ಕಾಕಾ?” ಎಂದು ಕೇಳಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು.

ಈಗ ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ಭೀಮಾ ತೀರದ ಬೌದ್ಧ ನೆಲೆಗಳು ನನ್ನ ವಿಷಯ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಅದೇ ಕಾಕಾನ ಜೊತೆ ಆ ಗುಡ್ಡ ಹತ್ತಲು ಹೋದೆ. ಪ್ರಬಂಧದ ಅಧ್ಯಾಯವೊಂದಕ್ಕೆ ಒಳ್ಳೆಯ ಆರಂಭ ಸಿಕ್ಕೀತು ಎಂಬ ಆಸೆಯೂ ಇತ್ತು.

ಆಸೆಗೆ ಕಾರಣವಿದೆ. ನಮ್ಮ ಭೀಮೆಯೇ ಕೆಳಗೆ ಹರಿದು ಸನ್ನತಿಯನ್ನು ಮುಟ್ಟುತ್ತಾಳೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಗುಡಿಯ ಮಾಳಿಗೆ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡವು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ದೊಡ್ಡ ಸ್ತೂಪವೂ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಶಿಲ್ಪವೂ ಹೊರಬಂದವು. ಇಂಥ ಸೀಮೆಯಲ್ಲಿ ಬುದ್ಧನಂತೆ ಕಾಣುವ ಗುಡ್ಡ! ಭಿಕ್ಷುಗಳು ಇದನ್ನು ಕಂಡೇ ಇಲ್ಲಿ ನೆಲೆನಿಂತರು ಎಂದು ಬರೆದುಬಿಡಲು ಕೈ ತುರಿಸುತ್ತದೆ.

ಕರಜಗಿಯ ಕಡೆಯಿಂದ ಬಂದರೆ ಕಾಲ ಕೆಳಗಿನ ಕಲ್ಲೇ ಬದಲಾಗುತ್ತದೆ. ನಮ್ಮ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಶಹಾಪುರದ ಗ್ರಾನೈಟ್ ಅದಕ್ಕಿಂತ ಎಷ್ಟೋ ಹಿಂದಿನದು, ಸುಮಾರು 250 ಕೋಟಿ ವರ್ಷದ್ದು. ಅದರ ಬಿರುಕುಗಳಲ್ಲಿ ನೀರಿಳಿದು ಬಂಡೆಗಳ ಮೂಲೆಗಳು ಮೊದಲು ಸವೆಯುತ್ತವೆ, ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಲ್ಲುಗಳು ಉಳಿಯುತ್ತವೆ. ಬುದ್ಧನ ಗದ್ದವನ್ನು ರೂಪಿಸಿದ್ದು ಈ ಕೆಲಸವೇ.

ಎರಡು ತಾಸು ಹತ್ತಿದರೂ ನನಗೆ ಮುಖ ಸಿಗಲಿಲ್ಲ. ಸುತ್ತ ಬರೀ ಬಂಡೆ, ಮುಳ್ಳುಕಂಟಿ. ಆಡು ಕಾಯುತ್ತಿದ್ದ ಅಜ್ಜನನ್ನು ಕೇಳಿದೆ. “ಇಲ್ಲಿ ಬಂದರ ಅಂವ ಕಾಣಂಗಿಲ್ಲವ್ವಾ. ರಸ್ತೇದ ಮ್ಯಾಲ ನಿಂತು ನೋಡಬೇಕು,” ಎಂದ. ಅದು ಒಂದೇ ಗುಡ್ಡವಲ್ಲ, ಒಂದರ ಹಿಂದೊಂದು ನಿಂತ ಗುಡ್ಡಗಳು ದೂರದಿಂದ ಕೂಡಿ ಒಂದೇ ಮೈಯಾಗಿ ಕಾಣುತ್ತವೆ. ಇನ್ನೊಂದು ಸಂಗತಿಯೂ ಹೊಳೆಯಿತು. ಅಜಂತಾದ 26ನೆಯ ಗುಹೆಯಲ್ಲಿರುವಂತೆ ಮಹಾಪರಿನಿರ್ವಾಣದ ಬುದ್ಧ ಬಲಮಗ್ಗುಲಿಗೆ ಮಲಗಿರುತ್ತಾನೆ. ಶಹಾಪುರದವನು ಅಂಗಾತ ಮಲಗಿ ಆಕಾಶ ನೋಡುತ್ತಾನೆ. ನನ್ನ ಅಧ್ಯಾಯದ ಆರಂಭ ಅಲ್ಲೇ ಮುರಿದುಬಿತ್ತು.

ಇಳಿದ ಮೇಲೆ, ಹೊತ್ತು ಮುಳುಗುವ ಮೊದಲು, ಹತ್ತಿರದ ವಿಭೂತಿಹಳ್ಳಿಗೆ ಹೋದೆವು. ಅಲ್ಲಿ ಬಯಲಲ್ಲಿ ಗುಂಡುಗಲ್ಲುಗಳು ಬಿದ್ದಿವೆ. “ಇದೇನು ನೋಡ್ತಿ, ಬರೇ ಕಲ್ಲು,” ಎಂದರು ಕಾಕಾ. ಸ್ವಲ್ಪ ನಡೆದು, ಸಾಲಿಗೆ ನೇರವಾಗಿ ನಿಂತು ನೋಡಲು ಹೇಳಿದೆ. ಅವರು ತಟಸ್ಥರಾದರು. ಕಲ್ಲುಗಳು ಅಂತರ ಬಿಟ್ಟು, ಸಾಲು ಹಿಡಿದು ಕೂತಿದ್ದವು. ಅದು ಬೃಹತ್ ಶಿಲಾಯುಗದ ಜನ ಜೋಡಿಸಿದ ನೆಲೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿದ್ದ ಅಧಿಕಾರಿ, ಕಾದಂಬರಿಕಾರ ಮೆಡೋಸ್ ಟೇಲರ್ ಈ ಸೀಮೆಯ ಇಂಥ ನೆಲೆಗಳನ್ನು ವಿವರವಾಗಿ ದಾಖಲಿಸಿದ. ಜೇವರ್ಗಿಯ ಪ್ರಾಚೀನ ಗೋರಿಗಳ ಬಗೆಗೂ ಬರೆದ.

ಮನುಷ್ಯರು ಕಡೆದಂತೆ ಕಾಣುವ ಗುಡ್ಡವನ್ನು ಯಾರೂ ಕಡೆದಿಲ್ಲ. ತಾನಾಗಿ ಬಿದ್ದಂತೆ ಕಾಣುವ ಕಲ್ಲುಗಳನ್ನು ಮನುಷ್ಯರು ಹೊತ್ತು ತಂದು ಇಟ್ಟಿದ್ದಾರೆ. ಮೊದಲನೆಯದಕ್ಕೆ ಹೆಸರಿದೆ, ಫೋಟೊ ತೆಗೆಯುವವರಿದ್ದಾರೆ. ಎರಡನೆಯದರಲ್ಲಿ ಒಂದು ಕಲ್ಲು ಸರಿಸಿದರೂ ಒಂದು ಸಾಲು ಅಳಿಯುತ್ತದೆ, ಅಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಸನ್ನತಿಯ ಚಪ್ಪಡಿಯೂ ಗುಡಿ ಕುಸಿಯುವವರೆಗೆ ಬರೇ ಕಲ್ಲಾಗಿಯೇ ಇತ್ತಲ್ಲ.

ಬುದ್ಧನನ್ನು ಕಾಣುವ ಕಣ್ಣನ್ನು ನಾನು ಹಳಿಯುವುದಿಲ್ಲ. ಒಂದು ಊರು ತನ್ನ ಗುಡ್ಡದಲ್ಲಿ ಯಾರನ್ನು ಕಾಣಲು ಬಯಸುತ್ತದೆ ಎಂಬುದೂ ಚರಿತ್ರೆಯೇ. ಆದರೆ ಅದು ನೋಡುವವರ ಚರಿತ್ರೆ, ಬಂಡೆಯದ್ದಲ್ಲ.

ವಾಪಸು ಬರುವಾಗ ಕಾಕಾ ಬಸ್ಸಿನ ಕಿಟಕಿಯಿಂದ ಬುದ್ಧನನ್ನು ನೋಡಲಿಲ್ಲ. “ಆ ಸಾಲು ಎಷ್ಟಿದ್ದವು?” ಎಂದು ಕೇಳಿದರು. ನಾನು ಎಣಿಸಿರಲಿಲ್ಲ. ಮುಂದಿನ ಸಲ ಎಣಿಸಲು ಅವರೂ ಬರುತ್ತಾರಂತೆ.