ಬೆಳ್ಳಿತೆರೆಯ ಮೇಲೆ ವಾಗ್ಗೇಯಕಾರ

ಮಾತು, ಧಾತುಗಳೆರಡನ್ನೂ ತಾನೇ ಸೃಜಿಸಬಲ್ಲವನನ್ನು ವಾಗ್ಗೇಯಕಾರನೆಂದು ಕರೆದು, ಅವನ ಲಕ್ಷಣಗಳನ್ನು ‘ಸಂಗೀತ ರತ್ನಾಕರ’ದಲ್ಲಿ ವಿಸ್ತಾರವಾಗಿ ನಿರೂಪಿಸಿದ ಹದಿಮೂರನೆಯ ಶತಮಾನದ ಶಾರ್ಙ್ಗದೇವನು, ಅಂಥವನ ಕೃತಿರಚನೆಯನ್ನು ಕಿವಿಗೆ ಮಾತ್ರವಲ್ಲದೆ ಕಣ್ಣಿಗೂ ಒಪ್ಪಿಸಬೇಕಾದ ಕಲೆಯೊಂದು ಮುಂದೆ ಹುಟ್ಟೀತೆಂದು ಎಣಿಸಿರಲಾರನು. ಹಾಡುವುದು ಕಾಣುತ್ತದೆ, ಹಾಡು ಹುಟ್ಟುವುದು ಕಾಣುವುದಿಲ್ಲ. 1934ರ ‘ಸತಿ ಸುಲೋಚನ’ದಿಂದ ಮಾತು ಕಲಿತ ಕನ್ನಡ ಚಿತ್ರವು ಈ ತೊಡಕನ್ನು ಹೇಗೆ ಎದುರಿಸಿತು, ಎಲ್ಲಿ ಜಾಣತನದಿಂದ ತಪ್ಪಿಸಿಕೊಂಡಿತು ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

ಪಾಶ್ಚಾತ್ಯರಿಗೆ ಈ ವಿಷಯದಲ್ಲಿ ಒಂದು ಸೌಕರ್ಯವುಂಟು. ಅವರ ಸಂಗೀತಕಾರನ ಎದುರಿಗೆ ಕಾಗದವಿರುತ್ತದೆ. ಮಿಲೋಷ್ ಫೋರ್ಮನ್ನನ ‘ಅಮಾಡಿಯಸ್’ (1984) ಚಿತ್ರದಲ್ಲಿ ಮರಣಶಯ್ಯೆಯ ಮೊಜಾರ್ಟನು ಒಂದೊಂದು ವಾದ್ಯದ ಸ್ವರವನ್ನೂ ಬಿಡಿಬಿಡಿಯಾಗಿ ಹೇಳುತ್ತಿರಲು, ಪ್ರತಿಸ್ಪರ್ಧಿಯಾದ ಸಾಲಿಯೇರಿ ಅದನ್ನು ಬರೆದುಕೊಳ್ಳಲಾರದೆ ಬೆವರುತ್ತಾನೆ. ಪ್ರಸಂಗವು ಕಲ್ಪಿತವಾದರೂ ಕೃತಿಯೊಂದು ಇಟ್ಟಿಗೆಯ ಮೇಲೆ ಇಟ್ಟಿಗೆಯಾಗಿ ಏಳುವುದನ್ನು ನೋಡುಗನು ಕಣ್ಣಾರೆ ಕಾಣುತ್ತಾನೆ. ನಮ್ಮ ದಾಸರ ಪದಗಳಾದರೋ ಕಂಠದಿಂದ ಕಂಠಕ್ಕೆ ಇಳಿದು ಬಂದವು. ಕಾಗದವಿಲ್ಲದ ಕಡೆ ಕ್ಯಾಮರಾ ಯಾವುದನ್ನು ದಿಟ್ಟಿಸಬೇಕು?

ಪವಾಡವನ್ನು ದಿಟ್ಟಿಸಬೇಕು ಎಂಬುದೇ ನಾಟಕ ಕಂಪೆನಿಗಳಿಂದ ಬಳುವಳಿಯಾಗಿ ಬಂದ ಉತ್ತರವಾಗಿತ್ತು. 1937ರಷ್ಟು ಹಿಂದೆಯೇ ಪುರಂದರದಾಸರು ಕನ್ನಡ ವಾಕ್ಚಿತ್ರದ ನಾಯಕರಾದರು; ವೈ. ಆರ್. ಸ್ವಾಮಿಯವರ ‘ಭಕ್ತ ಕನಕದಾಸ’ (1960), ಎಸ್. ಕೆ. ಅನಂತಾಚಾರಿಯವರ ‘ನವಕೋಟಿ ನಾರಾಯಣ’ (1964) ಇವೆರಡರಲ್ಲಿಯೂ ರಾಜಕುಮಾರರು ದಾಸರ ಪಾತ್ರವನ್ನು ಧರಿಸಿ ಜನಮನವನ್ನು ಸೂರೆಗೊಂಡರು. ಅವುಗಳ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಅಲ್ಲಿ ಸಂಕಟವೊದಗಿದೊಡನೆ ಪದವು ಪಲ್ಲವಿ, ಚರಣ, ಅಂಕಿತಗಳ ಸಮೇತ, ಮೃದಂಗ ಪಿಟೀಲುಗಳನ್ನು ಸಹ ಹಿಂದಿಟ್ಟುಕೊಂಡು, ಸಿದ್ಧವಾಗಿಯೇ ಹೊರಬೀಳುತ್ತದೆ. ಪುರಂದರದಾಸರ ಕಥೆಯೆಂದೊಡನೆ ನಮಗೆ ನೆನಪಾಗುವುದು ಮೂಗುತಿ; ಮಾಯಾಮಾಳವಗೌಳವನ್ನು ಆಯ್ದು ಸರಳೆ ಜಂಟಿವರಸೆಗಳ ಮೆಟ್ಟಿಲು ಕಟ್ಟಿಕೊಟ್ಟರೆಂದು ಪರಂಪರೆಯು ಕೊಂಡಾಡುವ ಆ ಶಿಲ್ಪಿ, ಆ ಉಪಾಧ್ಯಾಯ ನೆನಪಾಗುವುದಿಲ್ಲ. ಚಿತ್ತೂರು ನಾಗಯ್ಯನವರ ತೆಲುಗು ‘ತ್ಯಾಗಯ್ಯ’ (1946) ಕೂಡ ಇದೇ ಭಕ್ತಿಮಾರ್ಗದ ಚಿತ್ರ; ಅಲ್ಲಿ ನಾಯಕನೇ ಸ್ವತಃ ಗಾಯಕನಾಗಿದ್ದುದು ಮಾತ್ರ ವಿಶೇಷ.

ಆ ವಿಶೇಷವು ಬಹುಕಾಲ ಉಳಿಯಲಿಲ್ಲ. ಹಿನ್ನೆಲೆ ಗಾಯನದ ಪದ್ಧತಿ ಬೇರೂರಿದ ಮೇಲೆ ಪ್ರತಿಭೆಯು ಮುಖವೊಂದು, ಕಂಠವೊಂದು ಎಂದು ಸೀಳಿಹೋಯಿತು. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’ (1966) ಸಂಗೀತಗಾರನೊಬ್ಬನ ಕೌಟುಂಬಿಕ ದುಃಖವನ್ನು ಹೃದಯಂಗಮವಾಗಿ ಚಿತ್ರಿಸಿತು; ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಂಥ ಮಹಾಕಂಠಗಳನ್ನು ಕನ್ನಡಿಗರಿಗೆ ಕೇಳಿಸಿತು. ಅದಕ್ಕೂ ಹತ್ತು ವರ್ಷ ಮೊದಲು, ಹಿಂದಿಯ ‘ಬಸಂತ್ ಬಹಾರ್’ (1956) ಚಿತ್ರದ ಸ್ಪರ್ಧೆಯ ಸನ್ನಿವೇಶದಲ್ಲಿ ಭೀಮಸೇನರು ಸೋಲುವ ಗಾಯಕನಿಗೆ ಕಂಠ ಕೊಟ್ಟಿದ್ದರು, ಗೆಲ್ಲುವವನಿಗೆ ಮನ್ನಾಡೇ. ಗದಗಿನ ಮಣ್ಣಿನವರು ಇದನ್ನು ಇಂದಿಗೂ ನಕ್ಕು ಕ್ಷಮಿಸುತ್ತಾರೆಂದು ನಂಬಿದ್ದೇನೆ.

ಆ ಹಿಂದಿ ಚಿತ್ರಕ್ಕೆ ಆಧಾರವಾದದ್ದು ತ. ರಾ. ಸುಬ್ಬರಾಯರ ‘ಹಂಸಗೀತೆ’. ಅದೇ ಕಾದಂಬರಿಯನ್ನು 1975ರಲ್ಲಿ ಜಿ. ವಿ. ಅಯ್ಯರ್ ಕನ್ನಡದಲ್ಲಿ ಕೈಗೆತ್ತಿಕೊಂಡಾಗ ನಮ್ಮ ವಿಷಯದ ಇತಿಹಾಸವೇ ಹೊರಳು ದಾರಿ ಹಿಡಿಯಿತು. ಅಯ್ಯರ್ ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಬೆಳೆದವರು. ಬಾಲಮುರಳಿಯವರೊಡನೆ ಚಿತ್ರಕ್ಕೆ ಸಂಗೀತ ನೀಡಿದ ಬಿ. ವಿ. ಕಾರಂತರೂ ಅದೇ ಗರಡಿಯವರು. ಕರೆದೊಡನೆ ಹಾಡು ಓಡಿಬರುವ ರಂಗಪದ್ಧತಿಯನ್ನು ಉಂಡು ಉಟ್ಟು ಬಲ್ಲವರೇ ಅದನ್ನು ತೊರೆಯಲು ನಿಶ್ಚಯಿಸಿದುದನ್ನು ನಾನು ಆಕಸ್ಮಿಕವೆಂದು ಎಣಿಸಲಾರೆ. ನಿಮಾಯ್ ಘೋಷರ ಕ್ಯಾಮರಾ ಚಿತ್ರದುರ್ಗದ ಬಂಡೆಗಳ ನಡುವೆ ಅವಸರವಿಲ್ಲದೆ ಸಂಚರಿಸುತ್ತದೆ. ಅನಂತನಾಗ್ ಅಭಿನಯಿಸಿದ ಭೈರವಿ ವೆಂಕಟಸುಬ್ಬಯ್ಯ ಹಾಡುವುದಕ್ಕಿಂತ ಹೆಚ್ಚು ಹೊತ್ತು ಅರಸುತ್ತಾನೆ, ಅಹಂಕಾರದಿಂದ ಬೀಗುತ್ತಾನೆ, ಸೋಲುತ್ತಾನೆ, ಸುಮ್ಮನಾಗುತ್ತಾನೆ. ಈ ಮೌನವೇ ಚಿತ್ರದ ಆವಿಷ್ಕಾರ. ಸ್ವರವು ಬರುವುದಕ್ಕೆ ಮುನ್ನ ಕಿವಿಯು ಕಾಯಬೇಕಾದ ಕಾಲವನ್ನು ಪ್ರೇಕ್ಷಕನಿಂದಲೂ ಕಾಯಿಸಿದುದರಿಂದ, ಕೊನೆಗೆ ಭೈರವಿ ಕೇಳಿಬಂದಾಗ ಅದು ವರವಾಗಿ ಬಂದದ್ದಲ್ಲ, ತಪಸ್ಸಿಗೆ ಒಲಿದದ್ದು ಎಂಬ ಪ್ರತೀತಿ ಉಂಟಾಗುತ್ತದೆ. ಅಂಥ ವಿದ್ಯೆಯನ್ನು ಅಧಿಕಾರದ ಎದುರು ಮಾರಲೊಲ್ಲದೆ ನಾಯಕನು ತನ್ನ ನಾಲಗೆಯನ್ನೇ ಛೇದಿಸಿಕೊಳ್ಳುವ ಅಂತ್ಯವು, ಹಿಂದಿನದೆಲ್ಲ ಹಾಗೆ ಕಟ್ಟಲ್ಪಟ್ಟಿರದಿದ್ದರೆ, ಬರಿಯ ಭೀಕರ ದೃಶ್ಯವಾಗಿ ಉಳಿಯುತ್ತಿತ್ತು. ಚಿತ್ರಕ್ಕೆ ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಬಾಲಮುರಳಿಯವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿಯೂ ದೊರೆತವು. ಇದನ್ನು ಮೀರಿಸಿದ ಸಂಗೀತಚಿತ್ರ ಕನ್ನಡದಲ್ಲಿ ಮತ್ತೆ ಬಂದಿಲ್ಲವೆಂದೇ ನನ್ನ ಅಭಿಪ್ರಾಯ.

‘ಮಲಯ ಮಾರುತ’ (1986) ಮಧುರವಾದ ಚಿತ್ರ. ನಮ್ಮ ಪ್ರಶ್ನೆಗೆ ಅದು ಹೊಸದನ್ನು ಸೇರಿಸಲಿಲ್ಲ. ಸೇರಿಸಿದ್ದು ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990). ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿ ಕಾಣಿಸಿಕೊಂಡ ಈ ಚಿತ್ರದಲ್ಲಿ, ಸಿ. ಅಶ್ವತ್ಥರ ರಾಗಸಂಯೋಜನೆಯ ನೆರವಿನಿಂದ, ಪದವು ಮನೆ, ಮಾಳಿಗೆ, ಅಂಗಳದ ಕೋಳಿ ಮುಂತಾದ ದಿನದಿನದ ವಸ್ತುಗಳೊಳಗಿಂದ ಎದ್ದುಬರುತ್ತದೆ. ವೆಂಕಟಸುಬ್ಬಯ್ಯನದು ಏಕಾಂತದ ಸೃಷ್ಟಿ, ಶರೀಫರದು ಬೀದಿಯ ಸೃಷ್ಟಿ. ಬೀದಿಯದನ್ನು ತೋರಿಸುವುದು ಸುಲಭವೆಂದು ತೋರಬಹುದು; ಆದರೆ ಕಂಡದ್ದಕ್ಕೂ ಹಾಡಿದ್ದಕ್ಕೂ ನಡುವಿನ ಜಿಗಿತವನ್ನು ನಂಬಿಸುವುದು ಸುಲಭವಲ್ಲ.

ಚಿಂದೋಡಿ ಬಂಗಾರೇಶರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ (1995) ಎದುರಿಸಿದ ಕಷ್ಟ ಇನ್ನೂ ಗಹನವಾದುದು. 1892ರಿಂದ 1944ರವರೆಗೆ ಬಾಳಿದ ಗವಾಯಿಗಳು ಅಂಧರು. ಕಣ್ಣಿನಿಂದಲೇ ಜೀವಿಸುವ ಕಲೆಯು ಕಣ್ಣಿಲ್ಲದವರ ಒಳಗಿವಿಯನ್ನು ತೋರಿಸಬೇಕಾಗಿತ್ತು. ಚಿತ್ರವು ಜೀವನಚರಿತ್ರೆಯ ಘಟನೆಗಳಿಗೆ ಶರಣಾಗಿ ಆ ಸಾಹಸವನ್ನು ಅರ್ಧಕ್ಕೇ ಬಿಟ್ಟಿತೆಂದು ನನಗನ್ನಿಸುತ್ತದೆ, ಹಂಸಲೇಖ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ತಂದ ಅದರ ಸಂಗೀತ ಮಾತ್ರ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಇದೇ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರರನ್ನು ಕುರಿತು ನಂದನ್ ಕುಡ್ಯಾಡಿಯವರು ‘ರಸಯಾತ್ರಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅಲ್ಲಿ ಮುಖ, ಕಂಠಗಳು ಮತ್ತೆ ಒಂದಾದವು.

ಇಷ್ಟನ್ನು ನಾನು ಬರೆಯುತ್ತಿರುವುದು ಕಲಬುರಗಿಯ ಜಗತ್ ಬಡಾವಣೆಯಲ್ಲಿ ಕುಳಿತು. ಈ ಊರಿನ ಕಿವಿಗೆ ಬಂದೇನವಾಜರ ದರ್ಗಾದ ಕವ್ವಾಲಿಯೂ ಗೊತ್ತು, ಶರಣಬಸವೇಶ್ವರರ ಜಾತ್ರೆಯ ಭಜನೆಯೂ ಗೊತ್ತು. ಜೇವರ್ಗಿ ಸೀಮೆಯ ಕಡಕೋಳದಲ್ಲಿ ಮಡಿವಾಳಪ್ಪನೆಂಬ ತತ್ತ್ವಪದಕಾರನಿದ್ದ. ಅವನ ಶಿಷ್ಯಮಾರ್ಗದಲ್ಲಿ ಚನ್ನೂರಿನ ಜಲಾಲಸಾಹೇಬನಿದ್ದ, ಖೈನೂರಿನ ಕೃಷ್ಣಪ್ಪನಿದ್ದ. ಅವರ ಪದಗಳು ಇಂದಿಗೂ ಏಕತಾರಿ, ದಮ್ಮಡಿಗಳೊಡನೆ ರಾತ್ರಿಯೆಲ್ಲ ಹಾಡಲ್ಪಡುತ್ತವೆ. ಅವರ ಕಡೆಗೆ ಕ್ಯಾಮರಾ ತಿರುಗಿಸಲು ಬಯಸುವ ತರುಣ ನಿರ್ದೇಶಕರಲ್ಲಿ ನನ್ನದೊಂದು ವಿಜ್ಞಾಪನೆ: ಚಿತ್ರಕಥೆಯನ್ನು ಬರೆಯುವ ಮೊದಲು ಅಂಥ ಭಜನೆಯೊಂದರಲ್ಲಿ ಬೆಳಗಾಗುವ ತನಕ ಕುಳಿತು ಬನ್ನಿರಿ, ಪವಾಡಗಳನ್ನು ಆಮೇಲೆ ನೋಡಿಕೊಳ್ಳಬಹುದು.